ಪಟ್ಟಿಯಲ್ಲಿಲ್ಲದ ಹೆಸರುಗಳು

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಭಾನುವಾರ ಬಲಿಪೂಜೆಯ ಬಳಿಕ ಹೆಚ್ಚು ಅಂಕ ಗಳಿಸಿದವರ ಹೆಸರು ಓದಿ ಶಾಲು ಹೊದಿಸುವುದುಂಟು. ನಾನೂ ಓದಿದ್ದೇನೆ. ಅಂದು ಪೂಜೆಗೇ ಬಾರದ ಮಕ್ಕಳನ್ನು ಯಾರೂ ಎಣಿಸುವುದಿಲ್ಲ. ಹದಿನಾರರ ಹರೆಯಕ್ಕೆ ಅಂಕಪಟ್ಟಿಯೇ ತನ್ನ ಅಸ್ತಿತ್ವದ ಬೆಲೆಯೆಂದು ತೋರುತ್ತದೆ. ಹಾಗೆ ತೋರಿಸಿಕೊಟ್ಟವರು ನಾವೇ. 2024ರಲ್ಲಿ ಸರಕಾರ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ತಂದಿತು. ಆ ತಾಳ್ಮೆ ನಮ್ಮ ಎಷ್ಟೋ ಮನೆಗಳಿಗೆ ಇನ್ನೂ ಬಂದಿಲ್ಲ.

ವಾಳೆಯ ಗುರಿಕಾರರಲ್ಲಿ ವಿನಂತಿ: ಫಲಿತಾಂಶದ ಸಂಜೆಯೇ ಅನುತ್ತೀರ್ಣರಾದವರ ಮನೆಗೆ ಹೋಗಿ. ಉಪದೇಶ ಬೇಡ, ಚಹಾ ಕುಡಿದು ಬಂದರೂ ಸಾಕು. ಮುಂದಿನ ಪರೀಕ್ಷೆಗೆ ಗಣಿತ ಹೇಳಿಕೊಡಬಲ್ಲ ನಿವೃತ್ತ ಶಿಕ್ಷಕರು ನಮ್ಮಲ್ಲಿದ್ದಾರೆ. ಮಗು ಮಾತು ಬಿಟ್ಟು, ಊಟ ಬಿಟ್ಟು ಕುಳಿತಿದ್ದರೆ ಸರಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಲು ಸಂಕೋಚ ಬೇಡ, ಕನ್ನಡದಲ್ಲಿಯೇ ಮಾತನಾಡಬಹುದು.

ಹೆಸರು ಓದುವ ಕ್ರಮವನ್ನು ಈ ವರ್ಷದಿಂದ ನಾನು ಕೈಬಿಟ್ಟಿದ್ದೇನೆ.