ಯಾರ ಕಿವಿ ಹಿಂಡಬೇಕು?

2022ರ ಆಗಸ್ಟ್ 7. ಗೋಕಾಕದ ಪರೀಕ್ಷಾ ಕೇಂದ್ರವೊಂದರಲ್ಲಿ ಕೆಪಿಟಿಸಿಎಲ್ ಎಂಬ ವಿದ್ಯುತ್ ನಿಗಮದ ಕಿರಿಯ ಸಹಾಯಕ ಹುದ್ದೆಯ ಪ್ರಶ್ನೆಪತ್ರಿಕೆ ಸ್ಮಾರ್ಟ್‌ವಾಚಿನ ಕಣ್ಣಿಗೆ ಬಿತ್ತು. ಅಲ್ಲಿಂದ ಟೆಲಿಗ್ರಾಂ ಹತ್ತಿ ಗೋಡೆ ದಾಟಿತು. ಗೋಕಾಕ ಪೊಲೀಸರು ಕೇಸು ಹಾಕಿದರು. ಎಳೆ ಹಿಡಿದು ಎಳೆದಂತೆ ಮೂಡಲಗಿ, ಹುಕ್ಕೇರಿ, ಗದಗ ಅಂತ ನಂಟು ಬಿಚ್ಚಿಕೊಳ್ಳುತ್ತ ಹೋಯಿತು. ಬ್ಲೂಟೂತ್ ಸಾಧನಗಳು, ಕಿವಿಯೊಳಗೆ ಹೆಸರುಕಾಳಿನಂತೆ ಅಡಗಿ ಕೂರುವ ಇಯರ್‌ಪೀಸುಗಳು, ಮೊಬೈಲುಗಳು ಜಪ್ತಿಯಾದವು. ಟಿವಿಯವರು ‘ಹೈಟೆಕ್ ಕಳ್ಳರು’ ಎಂದು ಕೂಗಿದರು. ಕಟ್ಟೆಯ ಮೇಲೆ ಕೂತ ಹಿರಿಯರು ‘ಮೊಬೈಲ್ ಬಂದು ಹುಡುಗ್ರು ಕೆಟ್ರು’ ಎಂದು ಷರಾ ಬರೆದರು. ಅಲ್ಲಿಗೆ ಊರು ಕೈ ತೊಳೆದುಕೊಂಡಿತು.

ನಾನು ಕೈ ತೊಳೆದುಕೊಳ್ಳಲಾರೆ. ಗಡಿಯಾರ ಕದಿಯುವುದಿಲ್ಲ. ಇಯರ್‌ಪೀಸು ಲಂಚ ಕೇಳುವುದಿಲ್ಲ. ಮೊಹರು ಹಾಕಿದ ಬಂಡಲು ಕೋಣೆಗೆ ಬರುವ ತನಕ ಎಷ್ಟು ಕೈ ದಾಟುತ್ತದೆ, ಒಳಗೆ ಬಂದ ವಾಚನ್ನು ನೋಡಿಯೂ ನೋಡದಂತೆ ಯಾರು ಮುಖ ತಿರುಗಿಸುತ್ತಾರೆ, ಹೊರಗೆ ಕೂತು ಉತ್ತರ ಬಿಡಿಸಿಕೊಡುವ ಪಂಡಿತರು ಯಾರು? ಗದಗದ ಕಾಲೇಜೊಂದರ ಒಳಗಿನವರ ಮೇಲೂ ಪ್ರಶ್ನೆಪತ್ರಿಕೆ ಹೊರಬಿಟ್ಟ ಆರೋಪ ಬಂತಲ್ಲ, ಅದು ಯಂತ್ರದ ಪಾಪವೇ? ಯಂತ್ರಕ್ಕೆ ಜಾತಿಯಿಲ್ಲ, ಪಕ್ಷವಿಲ್ಲ. ಅದನ್ನು ಕೊಳ್ಳುವ ದುಡ್ಡಿಗೆ ಎರಡೂ ಇವೆ.

ಈ ನೆಲದ ವಿಪರ್ಯಾಸ ನೋಡಿ. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರು ತಿರುಗಿಸಿ ಕರೆಂಟು ಹುಟ್ಟಿಸಿದ್ದು ಬಹಳ ಹಿಂದೆಯೇ. ಹುಕ್ಕೇರಿಯ ರೈತರು 1969ರಲ್ಲಿ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿ ತಮ್ಮ ತಾಲೂಕಿಗೆ ತಾವೇ ದೀಪ ಹಚ್ಚಿಕೊಂಡರು. ಅಂಥ ಸೀಮೆಯ ಹುಡುಗ ಇವತ್ತು ವಿದ್ಯುತ್ ನಿಗಮದಲ್ಲಿ ಒಂದು ಗುಮಾಸ್ತಿಕೆಗಾಗಿ ಅಪ್ಪನ ಹೊಲವನ್ನು ಒತ್ತಿ ಹಾಕಿಸಿ ದಲ್ಲಾಳಿಯ ಬಾಗಿಲಿಗೆ ಹೋಗಬೇಕೆ? ಹೋಗುತ್ತಾನೆ. ಯಾಕೆಂದರೆ ಕಬ್ಬಿನ ಬಿಲ್ಲು ಕಾರ್ಖಾನೆಯಲ್ಲಿ ಬಾಕಿ. ಹೊಲ ಇದ್ದವನಿಗೆ ಕನ್ಯೆ ಇಲ್ಲ, ನೌಕರಿ ಇದ್ದವನಿಗೆ ಮಾತ್ರ ಕನ್ಯೆ. ಇಲಾಖೆಗಳಲ್ಲಿ ಖಾಲಿ ಕುರ್ಚಿಗಳಿಗೆ ಧೂಳು ಹಿಡಿದಿದೆ, ಅಲ್ಲಲ್ಲಿ ಹೊರಗುತ್ತಿಗೆಯವರನ್ನು ಕೂರಿಸಿ ಅರ್ಧ ಪಗಾರದಲ್ಲಿ ದುಡಿಸುತ್ತಾರೆ. ಧಾರವಾಡದ ಸಪ್ತಾಪುರದ ಕಿಷ್ಕಿಂಧೆಯಂಥ ಖೋಲಿಗಳಲ್ಲಿ ಮೂವತ್ತು ದಾಟಿದ ಮಕ್ಕಳು ಸಾಮಾನ್ಯ ಜ್ಞಾನ ಉರು ಹೊಡೆಯುತ್ತಿದ್ದಾರೆ. ಹುದ್ದೆಯ ಬರ ಹುಟ್ಟಿಸಿದವರು ಒಂದು ಕಡೆ, ಆ ಬರದಲ್ಲಿ ವ್ಯಾಪಾರ ಮಾಡುವವರು ಇನ್ನೊಂದು ಕಡೆ. ಇಬ್ಬರಿಗೂ ಚಹಾ ಬರುವುದು ಒಂದೇ ಕಿಟ್ಲಿಯಿಂದ.

ನಂಬಿಕೆ ಬರದಿದ್ದರೆ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್, ಅಂದರೆ ಪಿಎಸ್‌ಐ ನೇಮಕಾತಿಯ ಕಥೆ ಕೇಳಿ. 545 ಹುದ್ದೆ. 2021ರ ಅಕ್ಟೋಬರ್ 3ರಂದು ಪರೀಕ್ಷೆ ಬರೆದವರು 54 ಸಾವಿರಕ್ಕೂ ಹೆಚ್ಚು. ಕೆಲವರು ಬ್ಲೂಟೂತ್ ಹಚ್ಚಿಕೊಂಡರು ಎಂಬುದು ಒಂದು ಆರೋಪ. ಅದಕ್ಕಿಂತ ದೊಡ್ಡದು ಇನ್ನೊಂದು: ಅಭ್ಯರ್ಥಿ ಒಎಂಆರ್ ಹಾಳೆ ಖಾಲಿ ಬಿಟ್ಟು ಎದ್ದು ಬಂದರಾಯಿತು, ಆಮೇಲೆ ಒಳಗಿನವರೇ ಗುಂಡಿ ತುಂಬುತ್ತಾರೆ. 21 ಪ್ರಶ್ನೆಗೆ ಉತ್ತರ ಬರೆದವನಿಗೆ 121 ಅಂಕ ಬಂತೆಂಬ ಆರೋಪದಿಂದ ಹಗರಣ ಬಯಲಿಗೆ ಬಿತ್ತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ಅಮೃತ್ ಪೌಲ್ ಅವರನ್ನೇ 2022ರ ಜುಲೈ 4ರಂದು ಸಿಐಡಿ ಬಂಧಿಸಿತು. ಈ ಎರಡನೆಯ ಆಟಕ್ಕೆ ಯಾವ ಬ್ಲೂಟೂತ್ ಬೇಕಿತ್ತು ಹೇಳಿ? ಒಂದು ಬಾಲ್‌ಪೆನ್ನು, ಒಂದು ಬೀಗದ ಕೈ ಸಾಕಿತ್ತು. ಮೇಲಿನವರ ಪೆನ್ನು ಮಾಡುತ್ತಿದ್ದ ಕೆಲಸವನ್ನು ಕೆಳಗಿನವರ ವಾಚು ಮಾಡಿದಾಗ ಮಾತ್ರ ನಮಗೆ ತಂತ್ರಜ್ಞಾನದ ನೈತಿಕತೆ ನೆನಪಾಗುತ್ತದೆ!

ಕದ್ದವರ ಪಾಪಕ್ಕೆ ದಂಡ ತೆತ್ತವರು ಯಾರು? ಓದಿ ಬರೆದವರು. ಪಿಎಸ್‌ಐ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಎರಡು ವರ್ಷ ಮೂರು ತಿಂಗಳು. ನಡುವೆ ಯಾರೋ ಲಗ್ನ ಮುಂದೂಡಿದರು, ಯಾರೋ ಪುಸ್ತಕ ಕಟ್ಟಿಟ್ಟು ಪುಣೆಯ ಕಂಪನಿಗೆ ಕಾವಲು ಕೆಲಸಕ್ಕೆ ಹೋದರು. ಆ ವರ್ಷಗಳನ್ನು ಯಾವ ಕೋರ್ಟು ತಿರುಗಿಸಿ ಕೊಡುತ್ತದೆ?

ಇಷ್ಟಾದ ಮೇಲೆ ಸರ್ಕಾರ ಸುಮ್ಮನೆ ಕೂರಲಿಲ್ಲ, ನಿಜ. 2023ರ ಅಕ್ಟೋಬರ್ 28ರಂದು ಕಲಬುರಗಿ, ಯಾದಗಿರಿಯಲ್ಲಿ ಪ್ರಥಮ ದರ್ಜೆ ಸಹಾಯಕರ, ಅಂದರೆ ಎಫ್‌ಡಿಎ ಪರೀಕ್ಷೆಗೆ ಮತ್ತೆ ಬ್ಲೂಟೂತ್ ಬಂತು. ಪಿಎಸ್‌ಐ ಹಗರಣದ ಆರೋಪಿಯೇ ಇಲ್ಲೂ ಮುಖ್ಯ ಆರೋಪಿ. ಆಗ ಸರ್ಕಾರಕ್ಕೆ ಸಿಟ್ಟು ಬಂತು. ಸಿಟ್ಟು ಹೋಗಿ ಬಿದ್ದದ್ದೆಲ್ಲಿ? ಅಭ್ಯರ್ಥಿಯ ಮೈಮೇಲೆ. ತುಂಬುತೋಳಿನ ಅಂಗಿ ಬೇಡ, ಶೂ ಬೇಡ, ಕಿವಿಯೋಲೆ ಬೇಡ. ಆ ವರ್ಷದ ನವೆಂಬರಿನಲ್ಲಿ ಕಲಬುರಗಿಯ ಕೇಂದ್ರದ ಬಾಗಿಲಲ್ಲಿ ಹೆಣ್ಣುಮಕ್ಕಳ ತಾಳಿಯನ್ನೇ ತೆಗೆಸಿದರು. 2025ರ ಸಿಇಟಿಯಲ್ಲಿ ಜನಿವಾರ ತೆಗೆಯಲೊಲ್ಲದ ಬೀದರದ ಹುಡುಗನನ್ನು ಬಾಗಿಲಿಂದಲೇ ವಾಪಸು ಕಳಿಸಿದರು. ಎರಡೂ ಸಲ ನಾಡೆಲ್ಲ ಧರ್ಮದ ಹೆಸರಲ್ಲಿ ಬೊಬ್ಬೆ ಹೊಡೆಯಿತು. ಪ್ರಶ್ನೆಪತ್ರಿಕೆ ಮುದ್ರಣದ ಮನೆಯಿಂದ ಮೇಜಿಗೆ ಬರುವ ದಾರಿ ತಪಾಸಣೆಯಾಯಿತೆ ಎಂದು ಯಾರೂ ಗಂಟಲು ಹರಿದುಕೊಳ್ಳಲಿಲ್ಲ. ಹೊಟ್ಟೆಗೆ ಬಟ್ಟೆ ಕಟ್ಟಿ ಓದಿದ ಹುಡುಗಿ ಲೋಹಶೋಧಕದ ಮುಂದೆ ಕೈ ಎತ್ತಿ ಕಳ್ಳಿಯಂತೆ ನಿಲ್ಲಬೇಕು. ಬೀಗದ ಕೈ ಇಟ್ಟುಕೊಂಡವನು ಅದೇ ಬಾಗಿಲಿಂದ ಸಲಾಮು ಹೊಡೆಸಿಕೊಂಡು ಒಳಗೆ ಹೋಗಬೇಕು. ಇದಕ್ಕೆ ಭದ್ರತೆ ಎಂದು ಹೆಸರು.

ಕ್ಯಾಮೆರಾ ಹಚ್ಚಿದ ಕಥೆಯೂ ಇದೇ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ತಂದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಕುಸಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಕ್ಯಾಮೆರಾ ಮಕ್ಕಳ ಕತ್ತು ಅತ್ತಿತ್ತ ಹೊರಳುವುದನ್ನು ನೋಡಿತು. ಗಣಿತಕ್ಕೂ ಇಂಗ್ಲಿಷಿಗೂ ಮೇಷ್ಟ್ರೇ ಇಲ್ಲದೆ ವರ್ಷ ಕಳೆದ ಹಳ್ಳಿಶಾಲೆಯನ್ನು ನೋಡಲಿಲ್ಲ. ಅದನ್ನು ನೋಡಲೆಂದು ಕ್ಯಾಮೆರಾ ಹಚ್ಚಿರಲೂ ಇಲ್ಲ.

ಇನ್ನು ಕಾನೂನು. 2023ರ ಡಿಸೆಂಬರಿನಲ್ಲಿ ನಮ್ಮದೇ ಬೆಳಗಾವಿಯ ಸುವರ್ಣಸೌಧದಲ್ಲಿ ನೇಮಕಾತಿ ಅಕ್ರಮ ತಡೆಯುವ ಮಸೂದೆ ಪಾಸಾಯಿತು. 10 ಕೋಟಿ ರೂಪಾಯಿವರೆಗೆ ದಂಡ, ವರ್ಷಗಟ್ಟಲೆ ಸೆರೆಮನೆ. 2024ರಲ್ಲಿ ಕೇಂದ್ರವೂ ತನ್ನ ಕಾಯ್ದೆ ಜಾರಿ ಮಾಡಿತು. ಕಾಗದದ ಮೇಲೆ ಹುಲಿಗಳೇ. ಆದರೆ 10 ಕೋಟಿಯ ಅಂಕಿ ಕೇಳಿ ಹೆದರುವವನು ಹೊಲ ಒತ್ತಿ ಹಾಕಿದವನ ಮಗ. ವಕೀಲರ ಪಡೆ ಕಟ್ಟಬಲ್ಲವನು ಹೆದರುವುದಿಲ್ಲ. ಜಾಮೀನಿನ ಮೇಲೆ ಹೊರಬಂದು ಮುಂದಿನ ಪರೀಕ್ಷೆಗೆ ಅಂಗಡಿ ತೆರೆಯುತ್ತಾನೆ. ಶಿಕ್ಷೆಯ ಉದ್ದ ಬೆಳೆಸಿದರೆ ಸಾಲದು, ಶಿಕ್ಷೆ ಬೇಗ ಮುಟ್ಟಬೇಕು, ಮೇಲೆ ಮುಟ್ಟಬೇಕು.

ಕೊಂಡವನನ್ನು ನಾನು ಮುದ್ದು ಮಾಡುತ್ತಿಲ್ಲ. ಇಯರ್‌ಪೀಸು ಹಚ್ಚಿದವನು ಕದ್ದದ್ದು ಸರ್ಕಾರದ್ದಲ್ಲ, ಪಕ್ಕದ ಬೆಂಚಿನಲ್ಲಿ ಕೂತ ಕೂಲಿಕಾರಳ ಮಗಳ ಅನ್ನ. ಅವನಿಗೆ ಶಿಕ್ಷೆಯಾಗಲಿ. ಆದರೆ ಕೊಂಡವನು ಜೈಲಿಗೆ, ಮಾರಿದವನು ಜಾಮೀನಿಗೆ, ಮಾರಲು ಬಿಟ್ಟವನು ಬಡ್ತಿಗೆ ಎಂಬ ಲೆಕ್ಕವನ್ನು ನ್ಯಾಯ ಎನ್ನಬೇಡಿ.

ತಂತ್ರಜ್ಞಾನ ಬೇಕೆನ್ನುವಿರಾ? ನಮಗೂ ಬೇಕು. ಪರೀಕ್ಷೆ ಮುಗಿದ ಸಂಜೆಯೇ ಪ್ರತಿಯೊಬ್ಬನ ಒಎಂಆರ್ ಹಾಳೆಯ ಚಿತ್ರ ಅವನವನ ಮೊಬೈಲಿಗೆ ಬರಲಿ. ಆಮೇಲೆ ಯಾರ ಪೆನ್ನು ಆಡುತ್ತದೋ ನೋಡೋಣ. ಬಂಡಲು ದಾಟಿದ ಪ್ರತಿ ಕೈಯ ಹೆಸರು, ಹೊತ್ತು, ಸಹಿ ಸಾರ್ವಜನಿಕವಾಗಲಿ. ಕ್ಯಾಮೆರಾವನ್ನು ಮೊದಲು ಸ್ಟ್ರಾಂಗ್‌ರೂಮಿಗೆ ಹಚ್ಚಿ, ಆಮೇಲೆ ನಮ್ಮ ಮಕ್ಕಳ ಬೆಂಚಿಗೆ ತಿರುಗಿಸಿ. ಖಾಲಿ ಹುದ್ದೆ ತುಂಬುವ ದಿನಾಂಕವನ್ನು ಶಾಸನದಲ್ಲೇ ಬರೆಯಿರಿ. ಬರ ನಿಂತರೆ ದಲ್ಲಾಳಿಯ ಅಂಗಡಿ ತಾನೇ ಮುಚ್ಚುತ್ತದೆ. ಇದಾವುದನ್ನೂ ಮಾಡದೆ ಮತ್ತೆ ನಮ್ಮ ಹೆಣ್ಣುಮಕ್ಕಳ ಕಿವಿಗೆ ಟಾರ್ಚು ಬಿಡಲು ಬಂದರೆ, ಗೋಕಾಕ, ಮೂಡಲಗಿ, ಹುಕ್ಕೇರಿಯ ಅವ್ವಂದಿರೇ ಕೇಂದ್ರದ ಬಾಗಿಲಿಗೆ ಬಂದು ನಿಮ್ಮ ಕಿಸೆ ತೋರಿಸಿ ಎನ್ನುತ್ತಾರೆ. ತೋರಿಸಲು ತಯಾರಾಗಿ ಬನ್ನಿ.