ನಳಿಗೆಯ ತಿರುವು, ಗುಂಡಿನ ತೂಕ

ಹಳೆಯ ರೈಫಲ್ಲೊಂದನ್ನು ಹೊರತೆಗೆದು, ಸೀಸ ಕರಗಿಸಿ ತಾನೇ ಗುಂಡು ಎರೆದುಕೊಂಡು ಗುರಿಯ ಮುಂದೆ ನಿಂತವನಿಗೆ ಮೊದಲ ದಿನವೇ ನಿರಾಸೆಯಾಗುವುದುಂಟು. ಕಾಗದದಲ್ಲಿ ದುಂಡನೆಯ ತೂತಿಗೆ ಬದಲಾಗಿ ಬೀಗದ ಕಂಡಿಯಂತಹ ಉದ್ದನೆಯ ಸೀಳು ಮೂಡಿರುತ್ತದೆ. ಗುಂಡು ಮೂತಿ ಮುಂದಾಗಿ ಹೋಗದೆ ಮಗ್ಗುಲಾಗಿ ಹೋಯಿತೆಂಬುದಕ್ಕೆ ಅದೇ ಸಾಕ್ಷಿ. ನಳಿಗೆ ಸವೆದಿದೆಯೆಂದು ಆತನು ರೈಫಲ್ಲನ್ನು ಮೂಲೆಗೆ ತಳ್ಳುತ್ತಾನೆ. ಎಷ್ಟೋ ಸಲ ತಪ್ಪು ನಳಿಗೆಯದಲ್ಲ. ಅದಕ್ಕೆ ಒಗ್ಗದ ಗುಂಡಿನದು.

ಬುಗುರಿಯು ವೇಗವಾಗಿ ತಿರುಗುವವರೆಗೆ ನೆಟ್ಟಗೆ ನಿಲ್ಲುತ್ತದೆ. ವೇಗ ಕುಂದಿತೆಂದರೆ ಓಲಾಡಿ ಉರುಳುತ್ತದೆ. ಗುಂಡಿನ ಧರ್ಮವೂ ಇಂಥದೇ. ನಳಿಗೆಯೊಳಗೆ ಕೊರೆದ ಸುರುಳಿ ಗೀರುಗಳು ಅದನ್ನು ತಿರುಗಿಸುತ್ತವೆ. ಒಂದು ಪೂರ್ಣ ಸುತ್ತಿಗೆ ಬೇಕಾದ ಉದ್ದವನ್ನೇ ತಿರುವೆನ್ನುವರು. ಈ ಉದ್ದ ಕಡಿಮೆಯಾದಷ್ಟೂ ತಿರುವು ಬಿಗಿ.

ಎಷ್ಟು ಬಿಗಿ ಬೇಕೆಂಬುದನ್ನು ನಿರ್ಧರಿಸುವುದು ತೂಕವೇ? ಅಲ್ಲ. ೧೮೫೩ರ ಎನ್‌ಫೀಲ್ಡ್ ರೈಫಲ್ಲಿನ ರಂಧ್ರ ೦.೫೭೭ ಅಂಗುಲ, ಗುಂಡು ೫೩೦ ಗ್ರೇನ್, ತಿರುವು ೭೮ ಅಂಗುಲ. ಮ್ಯಾಂಚೆಸ್ಟರಿನ ಯಂತ್ರಶಿಲ್ಪಿ ಜೋಸೆಫ್ ವಿಟ್ವರ್ತ್ ಅದೇ ೫೩೦ ಗ್ರೇನ್ ಸೀಸವನ್ನು ೦.೪೫೧ ಅಂಗುಲದ ರಂಧ್ರಕ್ಕೆ ಹೊಂದಿಸಿದನು. ಗುಂಡು ತೆಳುವಾಗಿ ನೀಳವಾಯಿತು; ತಿರುವನ್ನು ೨೦ ಅಂಗುಲಕ್ಕೆ ಇಳಿಸಿದನು. ೧೮೫೭ರ ಪರೀಕ್ಷೆಯಲ್ಲಿ ಎನ್‌ಫೀಲ್ಡ್ ಕೈಸೋತ ದೂರದಲ್ಲಿಯೂ ವಿಟ್ವರ್ತನ ಗುಂಡು ಗುರಿ ಮುಟ್ಟಿತು. ತೂಕ ಒಂದೇ, ತಿರುವು ಬೇರೆ: ಆಳುವುದು ಗುಂಡಿನ ಉದ್ದ.

೧೮೭೯ರಲ್ಲಿ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ ಇದಕ್ಕೊಂದು ಸುಲಭಸೂತ್ರ ಕೊಟ್ಟನು. ಗುಂಡಿನ ಉದ್ದವು ಅದರ ವ್ಯಾಸದ ಎಷ್ಟು ಪಟ್ಟೆಂದು ಎಣಿಸಿ, ಆ ಸಂಖ್ಯೆಯಿಂದ ೧೫೦ನ್ನು ಭಾಗಿಸಬೇಕು. ಬಂದಷ್ಟು ವ್ಯಾಸಗಳ ಉದ್ದದಲ್ಲಿ ಒಂದು ಸುತ್ತು ಸಾಕು.

ರಂಧ್ರ ಒಂದೇ ಆಗಿದ್ದಾಗ ತೂಕ ಹೆಚ್ಚೆಂದರೆ ಉದ್ದವೂ ಹೆಚ್ಚೆಂದೇ ಅರ್ಥ. ಅಲ್ಲಿ ಮಾತ್ರ ತೂಕವನ್ನು ಅಳತೆಗೋಲಾಗಿ ಹಿಡಿಯಬಹುದು. ಅಮೆರಿಕದ ೧೮೭೩ರ ಸ್ಪ್ರಿಂಗ್‌ಫೀಲ್ಡಿನ ತಿರುವು ೨೨ ಅಂಗುಲ. ೧೮೮೬ರ ವಿಂಚೆಸ್ಟರಿನ ೪೫-೯೦ ಬಗೆಯಲ್ಲಿ ರಂಧ್ರ ಹೆಚ್ಚುಕಡಿಮೆ ಅಷ್ಟೇ. ಆದರೆ ೩೦೦ ಗ್ರೇನಿನ ಹಗುರ ಗುಂಡಿಗಾಗಿ ತಿರುವು ೩೨ ಅಂಗುಲ. ಸುಮಾರು ೧.೩ ಅಂಗುಲ ಉದ್ದದ ೫೦೦ ಗ್ರೇನ್ ಗುಂಡಿಗೆ ಸೂತ್ರವು ೨೪ ಅಂಗುಲವನ್ನು ಬೇಡುತ್ತದೆ. ಸ್ಪ್ರಿಂಗ್‌ಫೀಲ್ಡಿಗೆ ಅದು ಸಲ್ಲುತ್ತದೆ. ವಿಂಚೆಸ್ಟರಿನಿಂದ ಹೊರಟರೆ ಓಲಾಡುತ್ತದೆ.

ಆದುದರಿಂದ ಅಚ್ಚು ಕೊಳ್ಳುವ ಮೊದಲು ತಿರುವನ್ನು ಅಳೆಯುವುದು ಲೇಸು. ರೈಫಲ್ಲು ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಹಿಡಿಯಲ್ಲಿ ಸಲೀಸಾಗಿ ತಿರುಗುವ ಸರಳಿನ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ನಳಿಗೆಗೆ ತೂರಿಸಬೇಕು. ಸರಳಿನ ಮೇಲೆ ಗುರುತು ಹಾಕಿ, ಅದು ಒಂದು ಸುತ್ತು ಬರುವಷ್ಟರಲ್ಲಿ ಎಷ್ಟು ಅಂಗುಲ ಒಳಸರಿಯಿತೆಂದು ನೋಡಿದರಾಯಿತು. ನಳಿಗೆ ಗಿಡ್ಡವಾಗಿದ್ದರೆ ಅರ್ಧ ಸುತ್ತನ್ನು ಅಳೆದು ಇಮ್ಮಡಿಸಬಹುದು.

ಓಲಾಡುವ ಭಾರದ ಗುಂಡನ್ನು ಮದ್ದು ಹೆಚ್ಚಿಸಿ ನೆಟ್ಟಗಾಗಿಸುವ ಸಾಹಸ ಮಾತ್ರ ಸಲ್ಲದು. ಭಾರದ ಗುಂಡು ತಾನಾಗಿಯೇ ಒತ್ತಡವನ್ನು ಏರಿಸುತ್ತದೆ. ಹಳೆಯ ಉಕ್ಕು ಅದನ್ನು ತಾಳಲಾರದೆ ಸಿಡಿದರೆ ಹಾನಿ ಗುರಿಹಲಗೆಗಲ್ಲ, ಹಿಡಿದವನ ಕಣ್ಣಿಗೆ. ಹಗುರವಾದ ಗಿಡ್ಡ ಗುಂಡನ್ನು ಎರೆದುಕೊಂಡರೆ ಮೂಲೆಗೆ ಸೇರಿದ ರೈಫಲ್ಲು ಮತ್ತೆ ದುಂಡನೆಯ ತೂತನ್ನೇ ಕೊರೆದೀತು.