ಬರಲಿರುವ ಹಡಗು

ನೊಂದವರಿಗೆ ಸಮಾಧಾನ ಹೇಳುವುದು ಸುಲಭದ ಕಾರ್ಯವಲ್ಲ. ಹೆಚ್ಚು ಹೇಳಿದರೆ ಉಪದೇಶವಾಗುತ್ತದೆ. ಕಡಿಮೆ ಹೇಳಿದರೆ ಉಪೇಕ್ಷೆ ಎನಿಸುತ್ತದೆ. ಹೀಗಿರುವಾಗ, ಒಂದು ನಾಡಿನ ಜನ ತಮ್ಮ ಕಷ್ಟಕಾಲಕ್ಕೆ ಒದಗುವ ಮಾತನ್ನು ಹಾಸ್ಯ ಧಾರಾವಾಹಿಯೊಂದರಿಂದ ಪಡೆದುಕೊಂಡರೆಂದರೆ ಸೋಜಿಗವಲ್ಲವೇ?

ತುರ್ಕಿ ದೇಶದ ಸರ್ಕಾರಿ ವಾಹಿನಿ ಟಿಆರ್‌ಟಿಯಲ್ಲಿ 2011ರಿಂದ 2013ರವರೆಗೆ ‘ಲೈಲಾ ಇಲೆ ಮೆಜ್ನೂನ್’ ಎಂಬ ಧಾರಾವಾಹಿ ಪ್ರಸಾರವಾಯಿತು. ಬರೆದವರು ಬುರಾಕ್ ಅಕ್ಸಾಕ್. ನಿರ್ದೇಶಿಸಿದವರು ಓನುರ್ ಉನ್ಲು. ಹೆಸರು ನಾವೂ ಬಲ್ಲ ಲೈಲಾ–ಮಜ್ನು ಪ್ರೇಮಕಥೆಯದು; ಕಥೆ ಮಾತ್ರ ಇಂದಿನ ಇಸ್ತಾಂಬುಲ್‌ನ ಸಾಮಾನ್ಯ ನೆರೆಹೊರೆಯದು. ಅದರಲ್ಲಿ ಇಸ್ಮಾಯಿಲ್ ಅಬಿ ಎಂಬುವನೊಬ್ಬ. ‘ಅಬಿ’ ಎಂದರೆ ಅಣ್ಣ. ಸೆರ್ಕಾನ್ ಕೆಸ್ಕಿನ್ ಅಭಿನಯಿಸಿದ ಈ ಪಾತ್ರಕ್ಕೆ ಒಂದೆಡೆ ನೆಲೆಯಾದ ಉದ್ಯೋಗವಿಲ್ಲ, ಕೈಯಲ್ಲಿ ಹಣವಿಲ್ಲ. ಆತ ಕಡಲ ದಂಡೆಯಲ್ಲಿ ನಿಂತು ದೂರದತ್ತ ದೃಷ್ಟಿ ನೆಟ್ಟು ಹಡಗೊಂದಕ್ಕಾಗಿ ಕಾಯುತ್ತಾನೆ. ‘ಒ ಗೆಮಿ ಬಿರ್ ಗ್ಯುನ್ ಗೆಲೆಜೆಕ್’ ಎಂಬುದೇ ಅವನ ಮಾತು.

ಇದನ್ನು ಕನ್ನಡಿಸಲು ಶ್ರಮವೇ ಬೇಡ. ‘ಆ ಹಡಗು ಒಂದು ದಿನ ಬರುವುದು.’ ಅಲ್ಲಿ ಐದು ಪದ, ಇಲ್ಲಿಯೂ ಐದು, ಕ್ರಮವೂ ಅದೇ. ಆದರೆ ಕೊನೆಯ ಪದದಲ್ಲಿ ನಮಗಿಲ್ಲದ ಒಂದು ಸೊಗಸುಂಟು. ತುರ್ಕಿ ಭಾಷೆಯಲ್ಲಿ ‘ಗೆಲೆಜೆಕ್’ ಎಂದರೆ ‘ಬರುವುದು’. ‘ಭವಿಷ್ಯ’ ಎಂಬುದಕ್ಕೂ ಅದೇ ಪದ. ಹಡಗು ಬರುವುದೆಂದು ನುಡಿದವನ ಬಾಯಲ್ಲಿ ನಾಳೆಯ ಹೆಸರೂ ಬಂದುಬಿಡುತ್ತದೆ!

ನೋಡುಗರು ಮೊದಲು ನಕ್ಕರು. ಬಳಿಕ ಆ ಮಾತು ಕಿರುತೆರೆಯಿಂದಿಳಿದು ಜನರ ನಾಲಗೆಗೆ ಬಂದು, ಎದೆಗುಂದಬೇಡ ಎನ್ನುವ ನುಡಿಗಟ್ಟಾಯಿತು. ಕಾರಣವೇನು? ಅದು ಯಾವ ಭರವಸೆಯನ್ನೂ ಉತ್ಪ್ರೇಕ್ಷಿಸುವುದಿಲ್ಲ. ನಾಳೆಯೇ ಬರುವುದೆನ್ನುವುದಿಲ್ಲ, ‘ಒಂದು ದಿನ’ ಎನ್ನುತ್ತದೆ, ಅಷ್ಟೆ. ಹೇಳಿದವನೂ ಗೆದ್ದವನಲ್ಲ, ನಮ್ಮಂತೆಯೇ ದಡದಲ್ಲಿ ನಿಂತವನು. ಸುಖದಲ್ಲಿರುವವನು ತಾಳ್ಮೆಯನ್ನು ಬೋಧಿಸಿದರೆ ನೊಂದವನಿಗೆ ಮುಳ್ಳಾಗುತ್ತದೆ. ಜೊತೆಗೆ ಕಾಯುವವನು ಹೇಳಿದರೆ ಆಸರೆಯಾಗುತ್ತದೆ.

2013ರಲ್ಲಿ, ತುರ್ಕಿಯಲ್ಲಿ ಗೆಜಿ ಉದ್ಯಾನದ ಪ್ರತಿಭಟನೆಗಳು ನಡೆದ ವರ್ಷವೇ, ಧಾರಾವಾಹಿ ನಿಂತಿತು. ಮಾತು ನಿಲ್ಲಲಿಲ್ಲ. 2021ರಲ್ಲಿ ‘ಎಕ್ಸೆನ್’ ಎಂಬ ಅಂತರ್ಜಾಲ ವೇದಿಕೆಯಲ್ಲಿ ಧಾರಾವಾಹಿಯೇ ಮರಳಿ ಬಂದಿತು. ಎಂಟು ವರ್ಷ ಕಾದವರಿಗೆ ಅದೂ ಒಂದು ಹಡಗೇ ಸರಿ.

ತುರ್ಕರು ತಾಳ್ಮೆಯನ್ನು ‘ಸಬರ್’ ಎನ್ನುತ್ತಾರೆ. ಅರಬ್ಬಿ ಮೂಲದ ಆ ಪದವೇ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ‘ಸಬೂರ’ ಆಗಿದೆ. ‘ಸಬೂರ ಮಾಡು ತಮ್ಮಾ’ ಎಂದು ಅಜ್ಜಿ ಹೇಳುವಾಗ ಸುಮ್ಮನೆ ಕುಳಿತಿರು ಎಂದು ಅರ್ಥವೇ? ಅಲ್ಲ. ಉಂಡು ಏಳು, ನಾಳೆಯ ಕೆಲಸಕ್ಕೆ ಸಿದ್ಧನಾಗು ಎಂದೇ ಅರ್ಥ.

ನಮ್ಮ ಮನೆಯಲ್ಲಿಯೂ ಪರೀಕ್ಷೆಯಲ್ಲಿ ಸೋತ ಮಗನೋ, ನೌಕರಿ ಸಿಗದ ಮಗಳೋ ದಡದಲ್ಲಿ ನಿಂತಿರಬಹುದು. ಹಡಗನ್ನು ತರಿಸುವುದು ನಮ್ಮ ಕೈಯಲ್ಲಿಲ್ಲ. ಅವರ ಪಕ್ಕದಲ್ಲಿ ನಿಲ್ಲುವುದು ನಮ್ಮ ಕೈಯಲ್ಲಿದೆ. ಅಷ್ಟನ್ನಾದರೂ ತಪ್ಪದೆ ಮಾಡೋಣ.